ಕಬ್ಬಿಣಕ್ಕೆ ಯಾವ ಹೊದಿಕೆ: ಸತು, ಪ್ಲೇಟಿಂಗ್, ಪೌಡರ್, ಬಣ್ಣಗಳ ನಡುವೆ ಆರಿಸುವ ಬಗೆ

ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವುದನ್ನು ಹತ್ತಿರ ಕುಳಿತು ನೋಡಿದವರಿಗೆ ಈ ಬರಹದ ಅರ್ಧ ವಿಷಯ ಆಗಲೇ ಗೊತ್ತಿರುತ್ತದೆ. ಕಲಾಯಿಯವರು ಬಹುಪಾಲು ಹೊತ್ತನ್ನು ಪಾತ್ರೆಯನ್ನು ತಿಕ್ಕುವುದರಲ್ಲಿ, ತೊಳೆಯುವುದರಲ್ಲಿ, ಕೆಂಡದ ಮೇಲೆ ಕಾಸುವುದರಲ್ಲಿ, ನವಸಾಗರದ ಪುಡಿ ಉದುರಿಸಿ ಬಿಳಿಯ ಹೊಗೆ ಏಳಿಸುವುದರಲ್ಲಿ ಕಳೆಯುತ್ತಾರೆ. 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ತವರವನ್ನು ಅರಳೆಯಿಂದ ಒಳಮೈಗೆಲ್ಲ ಸವರುವುದು ಕೆಲವೇ ಕ್ಷಣಗಳ ಕೆಲಸ. ಆ ನವಸಾಗರವೇ ಅಮೋನಿಯಂ ಕ್ಲೋರೈಡ್. ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ದೊಡ್ಡ ಕಾರ್ಖಾನೆಗಳಲ್ಲಿಯೂ ಅದ್ದುವ ಮುನ್ನ ಬಳಸುವ ದ್ರಾವಣದಲ್ಲಿ ಸತುವಿನ ಕ್ಲೋರೈಡಿನ ಜೊತೆಗೆ ಇರುವುದು ಅದೇ ಲವಣ. ಲೋಹದ ಮೈ ಶುದ್ಧವಾಗದೆ ಇನ್ನೊಂದು ಲೋಹ ಅದಕ್ಕೆ ಅಂಟುವುದಿಲ್ಲ ಎಂಬುದು ಓಣಿಯ ಕುಲುಮೆಗೂ ಕಾರ್ಖಾನೆಯ ತೊಟ್ಟಿಗೂ ಸಮಾನವಾದ ಕಟ್ಟಳೆ.

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ನೀರಿನ ಟಾಕಿಯ ಸ್ಟ್ಯಾಂಡು, ಟ್ರ್ಯಾಕ್ಟರಿನ ಟ್ರೇಲರು, ಬಿತ್ತುವ ಕೂರಿಗೆಯ ಪೆಟ್ಟಿಗೆ, ಮೆಣಸಿನಕಾಯಿ ಜರಡಿಯ ಚೌಕಟ್ಟು ಇವೇ ನಮ್ಮ ಕೆಲಸ. ನವಲಗುಂದ, ಅಣ್ಣಿಗೇರಿ, ಗದಗ, ಶಿಗ್ಗಾಂವಿ, ಬ್ಯಾಡಗಿಯ ಕಡೆಯಿಂದ ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, "ಯಾವ ಕೋಟಿಂಗ್ ಚಲೋರೀ?" ಎಂಬುದು. ಉತ್ತರ ಕೊಡುವ ಮೊದಲು ನಾನು ಅವರಿಂದ ಮೂರು ವಿಷಯ ತಿಳಿದುಕೊಳ್ಳುತ್ತೇನೆ: ವಸ್ತು ಎಲ್ಲಿ ನಿಲ್ಲುತ್ತದೆ, ಅದರ ಮೈಗೆ ಏನು ತಿಕ್ಕುತ್ತದೆ, ಐದಾರು ವರ್ಷಗಳ ಮೇಲೆ ಅದಕ್ಕೆ ಮತ್ತೆ ಕೈ ಎಟುಕುತ್ತದೆಯೇ. ಮೊದಲ ಎರಡನ್ನು ಎಲ್ಲರೂ ಯೋಚಿಸುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚು ದುಡ್ಡು ಉಳಿಸುವುದು, ಅಥವಾ ಕಳೆಯುವುದು, ಮೂರನೆಯ ಪ್ರಶ್ನೆ. ಮನೆಯ ಗೇಟಿಗೆ ಪ್ರತಿ ದೀಪಾವಳಿಗೆ ಬಣ್ಣ ಹಚ್ಚಬಹುದು. ಮೂವತ್ತು ಅಡಿ ಎತ್ತರದ ಟಾಕಿಯ ಕೆಳಗಿನ ಅಡ್ಡಪಟ್ಟಿಗೆ ಯಾರೂ ಹತ್ತಿ ಬಣ್ಣ ಹಚ್ಚುವುದಿಲ್ಲ.

ಗಾಳಿ ಮತ್ತು ಮಣ್ಣು

ಐಎಸ್‌ಒ 9223 ಎಂಬ ಅಂತರರಾಷ್ಟ್ರೀಯ ಮಾನಕವು ವಾತಾವರಣವನ್ನು, ಅದು ಲೋಹವನ್ನು ತಿನ್ನುವ ವೇಗದ ಮೇಲೆ, ಸಿ1ರಿಂದ ಮೇಲಕ್ಕೆ ದರ್ಜೆಗಳಾಗಿ ವಿಂಗಡಿಸುತ್ತದೆ. ಸಿ2 ದರ್ಜೆಯಲ್ಲಿ ಸತುವು ವರ್ಷಕ್ಕೆ 0.1ರಿಂದ 0.7 ಮೈಕ್ರಾನ್, ಸಿ3ರಲ್ಲಿ 0.7ರಿಂದ 2.1, ಸಿ4ರಲ್ಲಿ 2.1ರಿಂದ 4.2, ಸಿ5ರಲ್ಲಿ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಗದಗಿನ ಒಣ ಬಯಲನ್ನು ನಾನು ಸಿ2 ಎಂದೂ, ಜೂನ್‌ನಿಂದ ಆಗಸ್ಟ್‌ವರೆಗೆ ಜಿಟಿಜಿಟಿ ಮಳೆಯಲ್ಲಿ ನೆನೆಯುತ್ತಲೇ ಇರುವ ಧಾರವಾಡದ ಪಶ್ಚಿಮದ ಭಾಗವನ್ನು ಸಿ3ರ ಕೆಳಗಿನ ಅಂಚು ಎಂದೂ ಅಂದಾಜಿಸಿಕೊಂಡು ಕೆಲಸ ಮಾಡುತ್ತೇನೆ. ಕಡಲ ಉಪ್ಪಿನ ಗಾಳಿ ಬೀಸುವ ಕಾರವಾರಕ್ಕೆ ಇದೇ ಗೇಟನ್ನು ಕಳಿಸುವುದಾದರೆ ಲೆಕ್ಕವನ್ನು ಮೊದಲಿನಿಂದ ಹಾಕಬೇಕು. ನಮ್ಮ ಗಾಳಿ ಕಬ್ಬಿಣದ ಮಟ್ಟಿಗೆ ಸಾಧು ಎಂದೇ ಹೇಳಬೇಕು. ಕಡಲೂರಿನವರಿಗೆ ಬರೆದ ಸಲಹೆಯನ್ನು ಓದಿಕೊಂಡು ಬಂದು ಬೇಡದ ಹೊದಿಕೆಗೆ ದುಡ್ಡು ಸುರಿಯುವವರನ್ನೂ ನಾನು ನೋಡಿದ್ದೇನೆ.

ಮಣ್ಣಿನ ಮಾತು ಬೇರೆ. ನವಲಗುಂದದಿಂದ ಗದಗಿನವರೆಗೆ ಹಬ್ಬಿರುವ ಎರೆ ಭೂಮಿ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ಒಣಗಿದಾಗ ಬಾಯಿಬಿಟ್ಟು ಒಳಗೆ ಗಾಳಿಯನ್ನು ಬಿಟ್ಟುಕೊಳ್ಳುತ್ತದೆ. ತುಕ್ಕಿಗೆ, ನಮ್ಮ ಕಡೆಯ ಮಾತಿನಲ್ಲಿ ಜಂಗಿಗೆ, ಬೇಕಾದದ್ದು ಈ ಎರಡೇ. ಹೊಲದಲ್ಲಿ ನೆಟ್ಟ ಕಬ್ಬಿಣದ ಕಂಬಗಳು ತುದಿಯಲ್ಲಿಯೂ ಹಾಳಾಗುವುದಿಲ್ಲ, ಆಳದಲ್ಲಿಯೂ ಅಷ್ಟಾಗಿ ಹಾಳಾಗುವುದಿಲ್ಲ. ನೆಲಮಟ್ಟಕ್ಕೆ ನಾಲ್ಕು ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ ತಿಂದು ಹೋಗುತ್ತವೆ. ಆದ್ದರಿಂದ ತಂತಿಬೇಲಿಯ ಕಂಬ, ಸೋಲಾರ್ ಫಲಕದ ಕಾಲುಗಳಿಗೆ ಯಾವ ಹೊದಿಕೆಯನ್ನೇ ಆರಿಸಿದರೂ ಬುಡಕ್ಕೆ ನೆಲದಿಂದ ಒಂದು ಗೇಣು ಮೇಲೆದ್ದು ಹೊರಕ್ಕೆ ಇಳಿಜಾರಾದ ಕಾಂಕ್ರೀಟಿನ ಕಟ್ಟು ಹಾಕಿಸುವುದು ಲೇಸು. ಇಷ್ಟು ಮಾಡಲು ಮನಸ್ಸಿಲ್ಲದವರು ದುಬಾರಿ ಹೊದಿಕೆಯನ್ನು ಕೇಳುವುದರಲ್ಲಿ ಅರ್ಥವಿಲ್ಲ.

ಹೊದಿಕೆಗೆ ಮುಂಚಿನ ಕೆಲಸ

ಕಾರ್ಖಾನೆಯಿಂದ ಬರುವ ಹೊಸ ಆ್ಯಂಗಲ್ ಅಥವಾ ಪ್ಲೇಟಿನ ಮೇಲೆ ನೀಲಿಗಪ್ಪು ಬಣ್ಣದ ಹೊಳಪಿನ ಪದರ ಇರುತ್ತದೆ. ಇದು ಬಿಸಿ ಉಕ್ಕನ್ನು ಉರುಳೆಯಲ್ಲಿ ಒತ್ತುವಾಗ ಹುಟ್ಟಿದ ಆಕ್ಸೈಡು. ಮಿಲ್ ಸ್ಕೇಲ್ ಎನ್ನುತ್ತಾರೆ. ನೋಡಲು ಗಟ್ಟಿಯಾಗಿದ್ದರೂ ಅದು ಬಿರುಕುಬಿಟ್ಟು ಚಕ್ಕೆಯಾಗಿ ಏಳುತ್ತದೆ, ಏಳುವಾಗ ಮೇಲಿನ ಬಣ್ಣವನ್ನೂ ಕೂಡಿಕೊಂಡೇ ಏಳುತ್ತದೆ. ವೈರ್ ಬ್ರಷ್ಷಿನಿಂದ ಅದು ಹೋಗುವುದಿಲ್ಲ. ಗ್ರೈಂಡರಿನಿಂದ ಹೋಗುತ್ತದೆ, ಆದರೆ ಮೂಲೆಗಳಲ್ಲಿ ಉಳಿಯುತ್ತದೆ. ಉಕ್ಕಿನ ಹರಳುಗಳನ್ನು ಗಾಳಿಯ ಒತ್ತಡದಿಂದ ಎರಚುವ ಬ್ಲಾಸ್ಟಿಂಗ್, ಅಥವಾ ಆಮ್ಲದ ತೊಟ್ಟಿ, ಇವೆರಡೇ ಪೂರ್ತಿ ಕೆಲಸ ಮಾಡುವ ವಿಧಾನಗಳು. ಬ್ಲಾಸ್ಟಿಂಗ್ ಮಾಡಿಸುವವರು ಎಸ್‌ಎ ಎರಡೂವರೆ ಎಂಬ ದರ್ಜೆಯನ್ನು ಕೇಳಬೇಕು. ಮೈ ಬಹುತೇಕ ಬಿಳಿಲೋಹವಾಗಿ, ಬಣ್ಣ ಹಿಡಿದುಕೊಳ್ಳುವಷ್ಟು ಒರಟಾಗಿ ಬರುತ್ತದೆ. ನದಿಯ ಮರಳನ್ನೇ ಒಣಗಿಸಿ ಎರಚುವವರೂ ಇದ್ದಾರೆ. ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ, ಅದು ಗುಣವಾಗುವ ಕಾಯಿಲೆಯಲ್ಲ. ಎಷ್ಟು ಅಗ್ಗವಾದರೂ ಅಂಥ ಕಡೆ ಕೆಲಸ ಕೊಡಬೇಡಿ.

ತುಕ್ಕನ್ನು ಪರಿವರ್ತಿಸುತ್ತೇವೆ ಎಂದು ಮಾರುವ ದ್ರವಗಳಲ್ಲಿ ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ ಇರುತ್ತದೆ. ತೆಳುವಾಗಿ, ಗಟ್ಟಿಯಾಗಿ ಅಂಟಿರುವ ತುಕ್ಕನ್ನು ಅವು ಕಪ್ಪಾದ ಸ್ಥಿರ ಪದರವಾಗಿ ಮಾಡುವುದು ನಿಜ. ಪುಡಿಯಾಗಿ ಉದುರುವ ತುಕ್ಕಿನ ಮೇಲೆ ಹಚ್ಚಿದರೆ ಮೇಲಿನ ಸಿಪ್ಪೆ ಮಾತ್ರ ಕಪ್ಪಾಗಿ, ಕೆಳಗೆ ಜಂಗು ತನ್ನ ಕೆಲಸವನ್ನು ಮುಂದುವರಿಸುತ್ತದೆ. ಕಿಟಕಿಯ ಸರಳಿಗೆ ಸಾಕು, ಟ್ರೇಲರಿನ ಚಾಸಿಗೆ ಸಾಲದು.

ಕರಗಿದ ಸತುವಿನಲ್ಲಿ ಅದ್ದುವುದು

ಮತ್ತೆ ಕೈ ಎಟುಕದ ವಸ್ತುವಿಗೆ ನನ್ನ ಮೊದಲ ಆಯ್ಕೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್. ಸ್ಟಾನಿಸ್ಲಾಸ್ ಸೊರೆಲ್ ಎಂಬವನು 1837ರಲ್ಲಿ ಫ್ರಾನ್ಸಿನಲ್ಲಿ ಪೇಟೆಂಟ್ ಪಡೆದ ಈ ವಿಧಾನದ ತಿರುಳು ಇಂದಿಗೂ ಬದಲಾಗಿಲ್ಲ. ಎಣ್ಣೆ ತೊಳೆದು, ಆಮ್ಲದಲ್ಲಿ ತುಕ್ಕು ತೆಗೆದು, ನವಸಾಗರದ ದ್ರಾವಣದಲ್ಲಿ ಮುಳುಗಿಸಿ, ಸುಮಾರು 450 ಡಿಗ್ರಿಯ ಸತುವಿನ ತೊಟ್ಟಿಗೆ ಇಳಿಸುತ್ತಾರೆ. ಅಲ್ಲಿ ಸತುವು ಕಬ್ಬಿಣದ ಮೇಲೆ ಕೂರುವುದಷ್ಟೇ ಅಲ್ಲದೆ ಅದರೊಂದಿಗೆ ಬೆರೆತು ಮಿಶ್ರಲೋಹದ ಪದರಗಳಾಗಿ ಬೆಳೆಯುತ್ತದೆ. ಈ ಕಾರಣಕ್ಕೆ ಅದನ್ನು ಬಣ್ಣದಂತೆ ಕೆತ್ತಿ ಎಬ್ಬಿಸಲಾಗದು. ಐಎಸ್‌ಒ 1461ರ ಪ್ರಕಾರ 6 ಮಿಲಿಮೀಟರಿಗಿಂತ ದಪ್ಪದ ಉಕ್ಕಿಗೆ ಸರಾಸರಿ 85 ಮೈಕ್ರಾನ್, 3ರಿಂದ 6 ಮಿಲಿಮೀಟರಿನ ಉಕ್ಕಿಗೆ 70 ಮೈಕ್ರಾನ್ ಇರಬೇಕು. ಮೇಲೆ ಹೇಳಿದ ಸವೆತದ ಲೆಕ್ಕವನ್ನು ಇಲ್ಲಿ ಹಾಕಿ ನೋಡಿದರೆ, ವರ್ಷಕ್ಕೆ 2.1 ಮೈಕ್ರಾನ್ ಹೋದರೂ 85 ಮೈಕ್ರಾನ್ ನಲವತ್ತು ವರ್ಷ ಬಾಳುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಗುಣವೆಂದರೆ ಗೀರು ಬಿದ್ದ ಜಾಗದಲ್ಲಿ ಸತುವು ತಾನು ಕರಗಿ ಪಕ್ಕದ ಕಬ್ಬಿಣವನ್ನು ಉಳಿಸುತ್ತದೆ. ಬಣ್ಣಕ್ಕೂ, ಒಣ ಪುಡಿ ಹಾರಿಸಿ ಬೇಯಿಸುವ ಪೌಡರ್ ಹೊದಿಕೆಗೂ ಈ ತ್ಯಾಗಬುದ್ಧಿ ಇಲ್ಲ.

ದೋಷಗಳನ್ನೂ ಹೇಳಬೇಕು. ತೊಟ್ಟಿಯ ಅಳತೆಗಿಂತ ದೊಡ್ಡ ವಸ್ತುವನ್ನು ಅದ್ದಲಾಗದು; ಎರಡು ಸಲ ತಿರುವಿ ಅದ್ದಿದರೆ ನಡುವೆ ಗೆರೆ ಉಳಿಯುತ್ತದೆ. ಆದ್ದರಿಂದ ನಕ್ಷೆ ಬರೆಯುವ ಮೊದಲೇ ತೊಟ್ಟಿಯ ಉದ್ದ, ಅಗಲ, ಆಳ ಕೇಳಿ, ಜೋಡಣೆಯನ್ನು ಬೋಲ್ಟಿನಿಂದ ಬಿಡಿಸುವಂತೆ ಮಾಡಿಕೊಳ್ಳಬೇಕು. ತೆಳುವಾದ ಶೀಟನ್ನು ದಪ್ಪ ಚೌಕಟ್ಟಿಗೆ ವೆಲ್ಡ್ ಮಾಡಿ ಅದ್ದಿದರೆ ಶೀಟು ಹಪ್ಪಳದಂತೆ ಉಬ್ಬಿ ಬರುತ್ತದೆ. ಉಕ್ಕಿನಲ್ಲಿ ಸಿಲಿಕಾನ್ ಶೇಕಡ 0.04ರಿಂದ 0.12ರೊಳಗೆ ಇದ್ದರೆ ಹೊದಿಕೆ ಅತಿಯಾಗಿ ಬೆಳೆದು ಬೂದಿಬಣ್ಣದ ಒರಟು ಮೈ ಬರುತ್ತದೆ. ಬಾಳಿಕೆಗೆ ಅದರಿಂದ ಹಾನಿಯಿಲ್ಲ, ಹೊಳಪು ಬಯಸಿದ ಗಿರಾಕಿ ಮಾತ್ರ ಮುಖ ಸಿಂಡರಿಸುತ್ತಾನೆ.

ಎಲ್ಲಕ್ಕಿಂತ ಅಪಾಯದ್ದು ಮುಚ್ಚಿದ ಪೈಪು. ಎರಡೂ ತುದಿ ಮುಚ್ಚಿ ವೆಲ್ಡ್ ಮಾಡಿದ ಚೌಕ ಪೈಪಿನೊಳಗೆ ತೊಳೆದ ನೀರಿನ ನಾಲ್ಕು ಹನಿ ಉಳಿದಿದ್ದರೂ 450 ಡಿಗ್ರಿಯಲ್ಲಿ ಅದು ಉಗಿಯಾಗಿ ಪೈಪನ್ನು ಸಿಡಿಸುತ್ತದೆ, ಸುತ್ತ ನಿಂತವರ ಮೇಲೆ ಕರಗಿದ ಸತು ಚೆಲ್ಲುತ್ತದೆ. ಮೊದಮೊದಲು ನಾವು ಕಳಿಸಿದ ಒಂದು ಗಾಡಿ ಗೇಟುಗಳು ತೂತಿಲ್ಲದ ಕಾರಣಕ್ಕೆ ಅದ್ದದೆಯೇ ಮರಳಿ ಬಂದಿದ್ದವು. ಎರಡು ಕಡೆಯ ಬಾಡಿಗೆ ನಮ್ಮ ತಲೆಗೆ ಬಿತ್ತು, ಆದರೆ ಮರಳಿಸಿದವರು ಮಾಡಿದ್ದೇ ಸರಿ. ಪ್ರತಿ ಪೊಳ್ಳು ಭಾಗಕ್ಕೂ ಗಾಳಿ ಹೊರಹೋಗಲು ಒಂದು, ಸತುವು ಒಳಹೊಕ್ಕು ಇಳಿಯಲು ಒಂದು, ಹೀಗೆ ಎದುರುಬದುರು ಮೂಲೆಗಳಲ್ಲಿ ತೂತು ಇಡಲೇಬೇಕು. ಆ ತೂತುಗಳಿಂದ ಒಂದು ಲಾಭವೂ ಇದೆ: ಪೈಪಿನ ಒಳಮೈಗೂ ಸತು ಹಿಡಿಯುತ್ತದೆ. ಬೇರೆ ಯಾವ ಅಗ್ಗದ ಹೊದಿಕೆಯೂ ಒಳಗಿನವರೆಗೆ ಹೋಗುವುದಿಲ್ಲ.

ಅಂಗಡಿಯ "ಜಿ.ಐ." ಎಂಬ ಮಾತು

ಇಲ್ಲಿ ಬಹಳ ಜನ ಮೋಸಹೋಗುತ್ತಾರೆ, ಬಹುಪಾಲು ಯಾರೂ ಮೋಸ ಮಾಡದೆಯೇ. ಅಂಗಡಿಯಲ್ಲಿ ಸಿಗುವ ಗ್ಯಾಲ್ವನೈಸ್ ಮಾಡಿದ ಶೀಟು ಮತ್ತು ಆ ಶೀಟಿನಿಂದಲೇ ಮಡಿಚಿದ ಪೈಪಿಗೂ, ಮಾಡಿದ ಮೇಲೆ ಅದ್ದಿದ ವಸ್ತುವಿಗೂ ಹೆಸರು ಒಂದೇ, ಜಿ.ಐ., ಅಂದರೆ ಗ್ಯಾಲ್ವನೈಸ್ಡ್ ಐರನ್, ಸತು ಹೊದಿಸಿದ ಕಬ್ಬಿಣ; ಸತುವಿನ ಪ್ರಮಾಣ ಒಂದೇ ಅಲ್ಲ. ಶೀಟಿನ ಮೇಲೆ 120 ಜಿಎಸ್‌ಎಂ ಎಂದು ಬರೆದಿದ್ದರೆ ಎರಡೂ ಮೈ ಕೂಡಿ ಚದರ ಮೀಟರಿಗೆ 120 ಗ್ರಾಂ ಸತು ಎಂದರ್ಥ. ಅದನ್ನು ಸತುವಿನ ಸಾಂದ್ರತೆ 7.14ರಿಂದ ಭಾಗಿಸಿ ಎರಡು ಮೈಗೆ ಹಂಚಿದರೆ ಒಂದೊಂದು ಮೈಗೆ ಸುಮಾರು 8.4 ಮೈಕ್ರಾನ್ ಬರುತ್ತದೆ. 275 ಜಿಎಸ್‌ಎಂಗೆ ಸುಮಾರು 19 ಮೈಕ್ರಾನ್. 85 ಮೈಕ್ರಾನಿನ ಪಕ್ಕದಲ್ಲಿ ಇವನ್ನಿಟ್ಟು ನೋಡಿ. ಇಂಥ ಪೈಪನ್ನು ಕತ್ತರಿಸಿ ವೆಲ್ಡ್ ಮಾಡಿದಾಗ ಬೆಸುಗೆಯ ಸುತ್ತಲಿನ ಸತುವು ಸುಟ್ಟು ಹೋಗುವುದರಿಂದ ಮೊದಲ ಮಳೆಗಾಲದಲ್ಲಿಯೇ ಅಲ್ಲಿ ಕೆಂಪು ಗೆರೆ ಇಳಿಯುತ್ತದೆ. ಆ ಸತುವಿನ ಹೊಗೆಯನ್ನು ಉಸಿರಾಡಿದ ವೆಲ್ಡರನಿಗೆ ರಾತ್ರಿ ಚಳಿಜ್ವರ ಬರುವುದೂ ಉಂಟು. ಕೆಲಸ ಬಯಲಿನಲ್ಲಿ ಆಗಬೇಕು.

ಚಾವಣಿಗೆ ಶೇಕಡ 55ರಷ್ಟು ಅಲ್ಯೂಮಿನಿಯಂ ಇರುವ ಅಲ್ಯೂಮಿನಿಯಂ-ಸತು ಹೊದಿಕೆಯ ಶೀಟು ಬಯಲಲ್ಲಿ ಬರೀ ಸತುವಿನ ಶೀಟಿಗಿಂತ ಹೆಚ್ಚು ಬಾಳುತ್ತದೆ. ಆದರೆ ಹಸಿ ಸಿಮೆಂಟಿನ ಕ್ಷಾರಕ್ಕೆ ಅದು ತಾಳುವುದಿಲ್ಲ. ದನದ ಕೊಟ್ಟಿಗೆಯ ಗಂಜಲ ಮತ್ತು ಸಗಣಿಯ ಆವಿಗೂ ಹೊಂದುವುದಿಲ್ಲ. ಕೊಟ್ಟಿಗೆಗೆ ಬಣ್ಣದ ಹೊದಿಕೆ ಒಳಮೈಗೂ ಇರುವ ಶೀಟನ್ನು ಕೇಳಬೇಕು, ಗಾಳಿಯಾಡಲು ಮೇಲೆ ತೆರಪು ಬಿಡಬೇಕು.

ಬೋಲ್ಟುಗಳಿಗೆ ಪ್ಲೇಟಿಂಗ್

ವಿದ್ಯುತ್ತಿನಿಂದ ಸತು ಕೂರಿಸುವ ಪ್ಲೇಟಿಂಗ್ ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್ ಒಳಗೆ ಇರುತ್ತದೆ. ಮೇಲೆ ಹಳದಿ ಅಥವಾ ನೀಲಿ ಛಾಯೆಯ ಕ್ರೋಮೇಟ್ ಪದರ. ಒಳಾಂಗಣದ ಬೋಲ್ಟು, ತಿರುಗಣಿ, ಬಾಗಿಲ ಬಿಜಾಗರಿಗಳಿಗೆ ಇದು ಹೇಳಿ ಮಾಡಿಸಿದ್ದು, ಏಕೆಂದರೆ ಬೋಲ್ಟಿನ ಎಳೆ (ಥ್ರೆಡ್) ತುಂಬಿಕೊಳ್ಳದೆ ನಟ್ಟು ಸಲೀಸಾಗಿ ತಿರುಗುತ್ತದೆ. ಬಯಲಿಗೆ ಸಾಲದು. ಅದ್ದಿದ ಸ್ಟ್ಯಾಂಡಿಗೆ ಪ್ಲೇಟಿಂಗಿನ ಬೋಲ್ಟು ಹಾಕಿದರೆ ಸ್ಟ್ಯಾಂಡು ನಲವತ್ತು ವರ್ಷ ಇರುತ್ತದೆ, ಬೋಲ್ಟು ಐದು ವರ್ಷಕ್ಕೆ ಕೆಂಪಾಗುತ್ತದೆ. ಅದ್ದಿದ ಬೋಲ್ಟನ್ನೇ, ಅದಕ್ಕೆ ತಕ್ಕಂತೆ ಎಳೆ ಸಡಿಲ ಮಾಡಿದ ನಟ್ಟಿನೊಂದಿಗೆ, ತರಿಸಬೇಕು.

ಬಲದ ಸಂಖ್ಯೆ 10.9 ಮತ್ತು ಅದಕ್ಕೂ ಮೇಲ್ಪಟ್ಟ ದರ್ಜೆಯ ಗಟ್ಟಿ ಬೋಲ್ಟುಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಆಮ್ಲದಲ್ಲಿ ತೊಳೆಯುವಾಗ, ಪ್ಲೇಟಿಂಗ್ ಆಗುವಾಗ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅದನ್ನು ಬಾಗದೆ ಥಟ್ಟನೆ ಮುರಿಯುವಂತೆ ಪೆಡಸಾಗಿಸುತ್ತದೆ. ಬಿಗಿದ ದಿನ ಸರಿಯಿದ್ದ ಬೋಲ್ಟು ಎರಡು ದಿನದ ಮೇಲೆ ಯಾರೂ ಮುಟ್ಟದೆಯೇ ಮುರಿದು ಬೀಳುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಗಳಲ್ಲಿ 190ರಿಂದ 220 ಡಿಗ್ರಿಯ ಒಲೆಯಲ್ಲಿ ಹಲವು ಗಂಟೆ ಕಾಸಿದರೆ ಹೈಡ್ರೋಜನ್ ಹೊರಹೋಗುತ್ತದೆ. ಕಾಸುವ ಒಲೆ ಇಲ್ಲದ ಅಂಗಡಿಗೆ ಟ್ರೇಲರಿನ ಕೊಂಡಿಯ ಬೋಲ್ಟುಗಳನ್ನು ಕೊಡಬಾರದು.

ಪೌಡರೋ, ಬಣ್ಣವೋ

ಈಗ ಎಲ್ಲರೂ ಕೇಳುವ ಹೋಲಿಕೆಗೆ ಬರೋಣ. ಪೌಡರ್ ಕೋಟಿಂಗಿನಲ್ಲಿ ಒಣ ಪುಡಿಗೆ ಬಂದೂಕಿನಂಥ ಉಪಕರಣದಲ್ಲಿ ಹತ್ತಾರು ಸಾವಿರ ವೋಲ್ಟಿನ ವಿದ್ಯುದಾವೇಶ ಕೊಟ್ಟು, ನೆಲಕ್ಕೆ ಜೋಡಿಸಿದ ಲೋಹದ ಮೇಲೆ ಹಾರಿಸಿ, 180ರಿಂದ 200 ಡಿಗ್ರಿಯ ಒಲೆಯಲ್ಲಿ ಹತ್ತಿಪ್ಪತ್ತು ನಿಮಿಷ ಬೇಯಿಸುತ್ತಾರೆ. 60ರಿಂದ 80 ಮೈಕ್ರಾನಿನ ಸಮನಾದ ಮೈ ಒಂದೇ ಸಲಕ್ಕೆ ಬರುತ್ತದೆ, ಥಿನ್ನರಿನ ವಾಸನೆಯಿಲ್ಲ, ಸಂಜೆಯೇ ಮಾಲು ಕಳಿಸಬಹುದು. ನೋಟಕ್ಕೆ ಬ್ರಷ್ಷಿನ ಬಣ್ಣ ಇದರ ಹತ್ತಿರಕ್ಕೂ ಬರುವುದಿಲ್ಲ.

ಆದರೆ ಆ ಒಂದು ಪದರದ ಹಿಂದೆ ಏನಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ನಿಯಮದಂತೆ ಪುಡಿ ಹಾರಿಸುವ ಮುನ್ನ ವಸ್ತುವು ಏಳು ತೊಟ್ಟಿಗಳನ್ನು ದಾಟಬೇಕು: ಎಣ್ಣೆ ತೆಗೆಯುವುದು, ತೊಳೆಯುವುದು, ತುಕ್ಕು ತೆಗೆಯುವುದು, ತೊಳೆಯುವುದು, ಮೈಯನ್ನು ಸಿದ್ಧಗೊಳಿಸುವುದು, ಫಾಸ್ಫೇಟಿಂಗ್, ಕೊನೆಯ ತೊಳೆತ. ಫಾಸ್ಫೇಟಿನ ಹರಳುಗಳು ತಾವಾಗಿ ತುಕ್ಕನ್ನು ತಡೆಯುವುದು ಅಷ್ಟಕ್ಕಷ್ಟೇ. ಮೇಲಿನ ಪದರಕ್ಕೆ ಹಿಡಿತ ಕೊಡುವುದು, ಗೀರಿನಿಂದ ತುಕ್ಕು ಪಕ್ಕಕ್ಕೆ ಹರಿಯದಂತೆ ತಡೆಯುವುದು ಅವುಗಳ ಕೆಲಸ. ಒಮ್ಮೆ ಊರಿನ ಒಂದು ಜಾಬ್‌ವರ್ಕ್ ಅಂಗಡಿಯವರು ಥಿನ್ನರಿನ ಬಟ್ಟೆಯಿಂದ ಒರೆಸಿದ್ದೇ ತೊಳೆತ ಎಂದು ನಮ್ಮ ಹನ್ನೆರಡು ಕಿಟಕಿಗಳನ್ನು ಬೇಯಿಸಿ ಕೊಟ್ಟರು. ಹೊಳಪೇನೋ ಕನ್ನಡಿಯಂತಿತ್ತು. ಎರಡನೆಯ ಶ್ರಾವಣಕ್ಕೆ ಮೂಲೆಗಳಲ್ಲಿ ಗುಳ್ಳೆ ಎದ್ದು, ನಾಣ್ಯದಿಂದ ಕೆರೆದರೆ ಅಂಗೈಯಗಲದ ಹಾಳೆಯಾಗಿ ಕಿತ್ತುಬಂತು. ಅಂದಿನಿಂದ ನಾನು ಪುಡಿಯ ಬ್ರ್ಯಾಂಡನ್ನು ಕೇಳುವುದಕ್ಕೆ ಮೊದಲು ತೊಟ್ಟಿಗಳನ್ನು ಹೋಗಿ ನೋಡುತ್ತೇನೆ.

ಪುಡಿಯಲ್ಲಿಯೂ ಜಾತಿಗಳಿವೆ. ಎಪಾಕ್ಸಿ ಪುಡಿ ಗಟ್ಟಿ, ರಾಸಾಯನಿಕಗಳಿಗೆ ಜಗ್ಗದು, ಆದರೆ ಬಿಸಿಲಿಗೆ ಬಿಟ್ಟರೆ ಸುಣ್ಣದಂತೆ ಪುಡಿಪುಡಿಯಾಗಿ ಮಂಕಾಗುತ್ತದೆ. ಬಯಲಿಗೆ ಶುದ್ಧ ಪಾಲಿಯೆಸ್ಟರ್ ಪುಡಿಯೇ ಬೇಕು. ಎರಡರ ಬೆರಕೆಯ ಪುಡಿ ಒಳಾಂಗಣಕ್ಕೆ. ಗದಗಿನ ಬಿಸಿಲಿಗೆ ಗೇಟು ಕಳಿಸುವಾಗ ಬಿಲ್ಲಿನ ಮೇಲೆ ಪಾಲಿಯೆಸ್ಟರ್ ಎಂದು ಬರೆಸಿಕೊಳ್ಳಿ. ಇನ್ನೊಂದು ತೊಡಕು ವಿದ್ಯುತ್ತಿನ ಸ್ವಭಾವದ್ದು: ಆವೇಶಗೊಂಡ ಪುಡಿ ಒಳಮೂಲೆಗಳಿಗೆ ಹೋಗದೆ ಹೊರಗಿನ ಅಂಚುಗಳಲ್ಲಿಯೇ ನಿಲ್ಲುತ್ತದೆ. ಜಾಳಿಗೆಯ ಸಂದುಗಳಲ್ಲಿ, ಪೈಪಿನೊಳಗೆ, ಎರಡು ಪಟ್ಟಿಗಳ ನಡುವಿನ ಕೊಳವೆಯಂಥ ಜಾಗದಲ್ಲಿ ಲೋಹ ಬರಿಮೈಯಲ್ಲೇ ಉಳಿಯುತ್ತದೆ. ಒಲೆಯ ಹೊತ್ತನ್ನು ಗಾಳಿಯ ಬಿಸಿಯಿಂದ ಎಣಿಸದೆ ಲೋಹ ಆ ಬಿಸಿಗೆ ಬಂದ ಮೇಲೆ ಎಣಿಸಬೇಕು. ದಪ್ಪ ಪ್ಲೇಟು ಬಿಸಿಯಾಗುವುದೇ ತಡ. ಸಾಲ್ವೆಂಟಿನಲ್ಲಿ ನೆನೆಸಿದ ಬಟ್ಟೆಯಿಂದ ಮೂವತ್ತು ಸಲ ಉಜ್ಜಿದಾಗ ಬಣ್ಣ ಬಟ್ಟೆಗೆ ಹತ್ತಿ ಮೈ ಮೆತ್ತಗಾದರೆ ಅದು ಬೆಂದಿಲ್ಲ.

ದ್ರವರೂಪದ ಬಣ್ಣ ಹಳೆಯದಾದರೂ, ಮತ್ತೆ ಕೈ ಎಟುಕುತ್ತದೆಯೇ ಎಂಬ ಮೂರನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುವುದು ಅದೇ. ಗೀರು ಬಿದ್ದರೆ ಮನೆಯವರೇ ಎಮರಿ ಕಾಗದದಿಂದ ಉಜ್ಜಿ ಒಂದು ಕೈ ಹಚ್ಚಬಹುದು. ಪೌಡರಿನ ಮೈ ಒಡೆದರೆ ಅದೇ ಮೈ ಮತ್ತೆ ಬರಲು ಇಡೀ ವಸ್ತುವನ್ನು ಒಲೆಗೆ ಒಯ್ಯಬೇಕು. ಕೈಗೆ ಸಿಗುವ ಗೇಟು, ಗ್ರಿಲ್ಲುಗಳಿಗೆ ಪ್ರೈಮರ್ ಮತ್ತು ಎರಡು ಕೈ ಎನಾಮೆಲ್ ಸಾಕು. ಬಿಸಿಲು ಮಳೆಯಲ್ಲಿ ದುಡಿಯುವ ಟ್ರೇಲರಿಗೆ ಬ್ಲಾಸ್ಟಿಂಗ್ ಮಾಡಿಸಿ, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹಾಕಿ, ಮೇಲೆ ಪಾಲಿಯುರೆಥೇನ್ ಬಣ್ಣ ಹೊಡೆಸುವುದು ಲೇಸು. ಕಪ್ಪತಗುಡ್ಡದ ಸಾಲಿನಲ್ಲಿ ನಿಂತಿರುವಂಥ ಗಾಳಿಗಿರಣಿಗಳ ಗೋಪುರಗಳಿಗೂ ಬಳಕೆಯಲ್ಲಿರುವುದು ಈ ಕುಟುಂಬದ ಬಣ್ಣಗಳೇ. ಅಷ್ಟೆತ್ತರಕ್ಕೆ ಹಗ್ಗ ಕಟ್ಟಿ ಮತ್ತೆ ಬಣ್ಣ ಹಚ್ಚುವ ಖರ್ಚನ್ನು ನೆನೆದರೆ ಮೊದಲ ದಿನದ ಬ್ಲಾಸ್ಟಿಂಗ್ ಯಾವ ಲೆಕ್ಕಕ್ಕೂ ದುಬಾರಿಯಲ್ಲ.

ಬಣ್ಣದ ಅಂಗಡಿಯಲ್ಲಿ ಲೀಟರಿನ ಬೆಲೆಯನ್ನಷ್ಟೇ ಹೋಲಿಸುವುದು ತಪ್ಪು. ಒಂದು ಲೀಟರಿನಲ್ಲಿ ಘನಪದಾರ್ಥ ಗಾತ್ರದಲ್ಲಿ ಶೇಕಡ 50 ಇದ್ದರೆ, ಒಣಗಿದ ಮೇಲೆ 50 ಮೈಕ್ರಾನ್ ದಪ್ಪಕ್ಕೆ ಅದು ಹೆಚ್ಚೆಂದರೆ 10 ಚದರ ಮೀಟರ್ ಹರಡುತ್ತದೆ. ಘನಪದಾರ್ಥ ಶೇಕಡ 30 ಇರುವ ಅಗ್ಗದ ಡಬ್ಬಿ ಅಷ್ಟೇ ದಪ್ಪಕ್ಕೆ 6 ಚದರ ಮೀಟರಿಗೇ ಮುಗಿಯುತ್ತದೆ. ಉಳಿದದ್ದೆಲ್ಲ ಥಿನ್ನರಾಗಿ ಗಾಳಿಗೆ ಹೋಗುತ್ತದೆ. ಹಾಗೆಯೇ ಅಂಚು ಮತ್ತು ಬೆಸುಗೆಗಳ ಮೇಲೆ ಬಣ್ಣ ತಾನಾಗಿ ತೆಳುವಾಗುವುದರಿಂದ ಅಲ್ಲಿಗೆ ಬ್ರಷ್ಷಿನಿಂದ ಒಂದು ಕೈ ಮೊದಲೇ ಹಚ್ಚಿ, ಆಮೇಲೆ ಇಡಿಯಾಗಿ ಸ್ಪ್ರೇ ಮಾಡಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚಿರಬಾರದು ಎಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರಿನಿಂದ ಜಾರಿಯಲ್ಲಿದೆ. ಮಕ್ಕಳು ಹಿಡಿದು ಆಡುವ ಗ್ರಿಲ್ಲಿಗೆ ಅದರ ಮುದ್ರೆ ಇರುವ ಡಬ್ಬಿಯನ್ನೇ ತರಬೇಕು. ಹಳೆಯ ಗ್ರಿಲ್ಲಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು.

ಆಷಾಢದ ಧಾರವಾಡದಲ್ಲಿ ಬಣ್ಣ ಹಚ್ಚುವವರಿಗೆ ಒಂದು ಮಾತು. ಗಾಳಿಯ ತೇವಾಂಶ ಶೇಕಡ 85 ದಾಟಿದ್ದರೆ, ಅಥವಾ ಲೋಹದ ಬಿಸಿ ಇಬ್ಬನಿ ಕೂರುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿಲ್ಲದಿದ್ದರೆ ಬಣ್ಣ ಹಚ್ಚಬಾರದು ಎಂಬುದು ಎಲ್ಲೆಡೆಯ ಕಟ್ಟಳೆ. ಬೆಳಗಿನ ಹೊತ್ತು ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ನೀರಿನ ತೆಳುಪೊರೆ ಇರುತ್ತದೆ. ಅದರ ಮೇಲೆ ಹಚ್ಚಿದ ಬಣ್ಣ ನೀರಿನ ಮೇಲೆ ಹಚ್ಚಿದಂತೆ. ಮಧ್ಯಾಹ್ನ ಬಿಸಿಲು ಬಿದ್ದ ಎರಡು ಮೂರು ಗಂಟೆಯಲ್ಲಿ ಆಗುವಷ್ಟನ್ನೇ ಮಾಡಬೇಕು. ಗಿರಾಕಿ ಪಂಚಮಿಗೆ ಗೃಹಪ್ರವೇಶ ಎಂದು ಅವಸರಪಡಿಸಿದರೂ ಸರಿಯೇ.

ಸತುವಿನ ಮೇಲೆ ಬಣ್ಣ

ಎರಡನ್ನೂ ಕೂಡಿಸಿದರೆ ಬಾಳಿಕೆ ಎರಡರ ಮೊತ್ತಕ್ಕಿಂತಲೂ ಹೆಚ್ಚುತ್ತದೆ, ಏಕೆಂದರೆ ಬಣ್ಣ ಸತುವನ್ನು ಸವೆತದಿಂದ ಕಾಯುತ್ತದೆ, ಸತುವು ಬಣ್ಣದಡಿಗೆ ತುಕ್ಕು ಹರಿಯದಂತೆ ನೋಡಿಕೊಳ್ಳುತ್ತದೆ. ಆದರೆ ಸಾಮಾನ್ಯ ಎಣ್ಣೆಮೂಲದ ಎನಾಮೆಲನ್ನು ನೇರವಾಗಿ ಸತುವಿನ ಮೇಲೆ ಹಚ್ಚಿದರೆ ಸತುವಿನ ಕ್ಷಾರೀಯ ಲವಣಗಳು ಆ ಎಣ್ಣೆಯೊಂದಿಗೆ ಸೇರಿ ಸಾಬೂನಾಗುತ್ತವೆ, ಬಣ್ಣ ಹಾವಿನ ಪೊರೆಯಂತೆ ಕಳಚುತ್ತದೆ. ಧಾರವಾಡದ ಮಾಳಮಡ್ಡಿಯ ಒಂದು ಮನೆಗೆ ನಾನೇ ಹೀಗೆ ಹಚ್ಚಿ ಕೊಟ್ಟು, ಮರುವರ್ಷ ನನ್ನದೇ ಖರ್ಚಿನಲ್ಲಿ ಕೆರೆದು ಸರಿಪಡಿಸಿದೆ. ಸತುವಿನ ಮೈಯನ್ನು ಹಗುರವಾಗಿ ಬ್ಲಾಸ್ಟ್ ಮಾಡಿ ಅಥವಾ ಅದಕ್ಕೆಂದೇ ಇರುವ ಆಮ್ಲದ್ರವದಿಂದ ಕಪ್ಪಾಗಿಸಿ, ಎಪಾಕ್ಸಿ ಪ್ರೈಮರ್ ಹಾಕಿದ ಮೇಲೆಯೇ ಬಣ್ಣ.

ತಿಕ್ಕಾಟ, ಗೊಬ್ಬರ, ಮೆಣಸಿನಕಾಯಿ

ಮಣ್ಣನ್ನು ಸೀಳುವ ಕುಂಟೆಯ ಕುಡ, ರೋಟವೇಟರಿನ ಬ್ಲೇಡುಗಳಿಗೆ ಬಣ್ಣವಾಗಲಿ ಸತುವಾಗಲಿ ಒಂದು ಎಕರೆಯೂ ಉಳಿಯದು. ಅಲ್ಲಿ ಹೊದಿಕೆಯ ವಿಚಾರವನ್ನು ಬಿಟ್ಟು ಲೋಹವನ್ನೇ ಗಟ್ಟಿ ಮಾಡಬೇಕು: ಬೋರಾನ್ ಉಕ್ಕನ್ನು ಕಾಸಿ ಅದ್ದಿ ಹದಗೊಳಿಸಿದ ಬ್ಲೇಡು, ಇಲ್ಲವೇ ಸವೆಯುವ ಅಂಚಿಗೆ ಕ್ರೋಮಿಯಂ ಕಾರ್ಬೈಡಿನ ಬೆಸುಗೆ. ಟ್ರೇಲರಿನ ಜಾಕಿನ ದಂಡಕ್ಕೆ ಹಾರ್ಡ್ ಕ್ರೋಮ್, ಅಂದರೆ ವಿದ್ಯುತ್ತಿನಿಂದ ಕೂರಿಸುವ ಗಟ್ಟಿ ಕ್ರೋಮಿಯಂ ಪದರ, ಸರಿ. ಒಳತೂತುಗಳಲ್ಲಿಯೂ ದಪ್ಪ ಒಂದೇ ಸಮ ಬೇಕಾದ ಬಿಡಿಭಾಗಕ್ಕೆ ವಿದ್ಯುತ್ತಿಲ್ಲದೆ ದ್ರಾವಣದಿಂದಲೇ ಕೂರುವ ನಿಕ್ಕಲ್-ರಂಜಕದ ಹೊದಿಕೆ ಮೇಲು. ಆಕಾರ ಸೊಟ್ಟಾಗದೆ ಗಟ್ಟಿಯಾಗಬೇಕಾದ ಗೇರಿಗೆ ಉಕ್ಕಿನ ಮೈಯೊಳಗೆ ಸಾರಜನಕವನ್ನು ಇಳಿಸುವ, ಸುಮಾರು 500 ಡಿಗ್ರಿಯಲ್ಲಿ ನಡೆಯುವ ನೈಟ್ರೈಡಿಂಗ್ ಇದೆ.

ಕೂರಿಗೆಯ ಗೊಬ್ಬರದ ಪೆಟ್ಟಿಗೆ ಎಲ್ಲ ಹೊದಿಕೆಗಳನ್ನೂ ಸೋಲಿಸುತ್ತದೆ. ಪೊಟ್ಯಾಶ್ ಎಂದು ಚೀಲದಲ್ಲಿ ಬರುವುದು ಪೊಟ್ಯಾಸಿಯಂ ಕ್ಲೋರೈಡು, ಉಪ್ಪಿನ ತಮ್ಮ. ಅಮೋನಿಯಂ ಲವಣಗಳು ತೇವ ಸೇರಿದರೆ ಸತುವನ್ನೂ ಕರಗಿಸುತ್ತವೆ. ಕಾಳು ಹರಳು ಉಜ್ಜಿ ಪೌಡರಿನ ಮೈ ಗೀರಿದ ಕೂಡಲೇ ಅಡಿಯಿಂದ ತಿನ್ನತೊಡಗುತ್ತವೆ. ನಾನು ಈಗ ಪೆಟ್ಟಿಗೆಯನ್ನು ಪ್ಲಾಸ್ಟಿಕ್ಕಿನದೇ ಕೂರಿಸಿ, ಹೊರಗಿನ ಚೌಕಟ್ಟಿಗೆ ಮಾತ್ರ ಬಣ್ಣ ಹೊಡೆಯುತ್ತೇನೆ. ಬಿತ್ತನೆ ಮುಗಿದ ಸಂಜೆ ಪೆಟ್ಟಿಗೆಯನ್ನು ನೀರಿನಿಂದ ತೊಳೆದಿಡುವ ರೈತನ ಕೂರಿಗೆ ಹೇಗೂ ಉಳಿಯುತ್ತದೆ.

ಬ್ಯಾಡಗಿಯ ಮೆಣಸಿನಕಾಯಿಗೆ ತಾಗುವ ಜರಡಿ, ತೊಟ್ಟಿಗಳಿಗೆ ಸತುವೂ ಬೇಡ, ಬಣ್ಣವೂ ಬೇಡ. 304 ದರ್ಜೆಯ ಸ್ಟೇನ್‌ಲೆಸ್ ಉಕ್ಕೇ ಸರಿ. ಹುಣಸೆಹಣ್ಣು, ಮಜ್ಜಿಗೆಯಂಥ ಹುಳಿ ಪದಾರ್ಥಗಳಲ್ಲಿ ಸತುವು ಕರಗಿ ಆಹಾರಕ್ಕೆ ಸೇರುತ್ತದೆ. ಸ್ಟೇನ್‌ಲೆಸ್‌ಗೆ ಹೊದಿಕೆ ಅದರೊಳಗಿನ ಕ್ರೋಮಿಯಂನಿಂದ ತಾನೇ ಹುಟ್ಟುವ ಆಕ್ಸೈಡು. ಆದರೆ ಸಾದಾ ಕಬ್ಬಿಣಕ್ಕೆ ಬಳಸಿದ ವೈರ್ ಬ್ರಷ್ಷು, ಗ್ರೈಂಡರಿನ ಕಲ್ಲುಗಳನ್ನೇ ಇದಕ್ಕೂ ಬಳಸಿದರೆ ಕಬ್ಬಿಣದ ಕಣಗಳು ಅಂಟಿ ಸ್ಟೇನ್‌ಲೆಸ್ಸಿಗೂ ಜಂಗು ಹಿಡಿದಂತೆ ಕಾಣುತ್ತದೆ. ಸಿಟ್ರಿಕ್ ಆಮ್ಲದ ದ್ರಾವಣದಿಂದ ತೊಳೆದರೆ ಆ ಕಣಗಳು ಹೋಗಿ ಪದರ ಮತ್ತೆ ಕೂಡಿಕೊಳ್ಳುತ್ತದೆ. ಬೆಸುಗೆಯ ಕಪ್ಪು ತೆಗೆಯಲು ಮಾರುವ ಪೇಸ್ಟುಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಅದು ಚರ್ಮದ ಮೂಲಕ ಇಳಿದು ಎಲುಬಿನವರೆಗೆ ಹಾನಿ ಮಾಡುವ ವಿಷ, ಬರಿಗೈಯಲ್ಲಿ ಎಂದೂ ಮುಟ್ಟಬಾರದು.

ಅಲ್ಯೂಮಿನಿಯಂ ಕಿಟಕಿಗಳಿಗೆ, ವಿದ್ಯುತ್ತಿನಿಂದ ಮೈಮೇಲೆ ಆಕ್ಸೈಡಿನ ಪದರ ಬೆಳೆಸುವ ಅನೋಡೈಸಿಂಗ್ ಮತ್ತು ಪೌಡರ್ ಎರಡೂ ನಡೆಯುತ್ತವೆ. ಅನೋಡೈಸಿಂಗಿನ ಪದರ ಲೋಹದಿಂದಲೇ ಬೆಳೆದದ್ದಾದ್ದರಿಂದ ಸುಲಿಯುವುದಿಲ್ಲ, ಆದರೆ ಗಿಲಾವು ಮಾಡುವಾಗ ಬಿದ್ದ ಸಿಮೆಂಟು ಅದನ್ನು ಶಾಶ್ವತವಾಗಿ ಕಲೆಮಾಡುತ್ತದೆ, ತಿದ್ದಲೂ ಬರುವುದಿಲ್ಲ. ಕಟ್ಟಡದ ಕೆಲಸ ಮುಗಿಯುವ ಮುನ್ನವೇ ಕಿಟಕಿ ಕೂರಿಸುವವರು ಪೌಡರನ್ನೇ ಆರಿಸಲಿ.

ಕೆಲಸ ಕೊಡುವಾಗ

ಜಾಬ್‌ವರ್ಕಿಗೆ ಕೊಡುವಾಗ ಉಪ್ಪುನೀರಿನ ಪರೀಕ್ಷೆಯಲ್ಲಿ ಐನೂರು ಗಂಟೆ, ಸಾವಿರ ಗಂಟೆ ತಾಳಿದೆ ಎಂಬ ಕಾಗದ ತೋರಿಸುವವರಿರುತ್ತಾರೆ. ಶೇಕಡ 5ರ ಉಪ್ಪಿನ ಮಂಜನ್ನು 35 ಡಿಗ್ರಿಯಲ್ಲಿ ನಿರಂತರ ಸಿಂಪಡಿಸುವ ಆ ಪರೀಕ್ಷೆ ಒಂದೇ ಬಗೆಯ ಎರಡು ಹೊದಿಕೆಗಳಲ್ಲಿ ಯಾವುದು ಚೆನ್ನಾಗಿ ಆಗಿದೆ ಎಂದು ತಿಳಿಯಲು ಉಪಯುಕ್ತ. ಗಂಟೆಗಳನ್ನು ವರ್ಷಗಳಿಗೆ ಬದಲಿಸುವ ಸೂತ್ರ ಯಾವುದೂ ಇಲ್ಲ. ಸತುವಿಗೂ ಬಣ್ಣಕ್ಕೂ ಆ ಪೆಟ್ಟಿಗೆಯಲ್ಲಿ ಹೋಲಿಕೆ ಮಾಡುವುದಂತೂ ಸಲ್ಲದು, ಏಕೆಂದರೆ ಒಮ್ಮೆ ನೆನೆದು ಒಮ್ಮೆ ಒಣಗುವ ನಿಜವಾದ ಗಾಳಿಯಲ್ಲಿ ಸತುವಿನ ಮೇಲೆ ಕೂರುವ ರಕ್ಷಣೆಯ ಪದರ ಅಲ್ಲಿ ಕೂರುವುದೇ ಇಲ್ಲ. ಅದರ ಬದಲು ದಪ್ಪ ಅಳೆಯುವ ಮೀಟರಿನಿಂದ ಹತ್ತು ಕಡೆ ಅಳೆದು ತೋರಿಸಿ ಎನ್ನಿ, ಬ್ಲೇಡಿನಿಂದ ಚೌಕುಳಿ ಗೀರಿ ಟೇಪು ಅಂಟಿಸಿ ಕಿತ್ತು ತೋರಿಸಿ ಎನ್ನಿ. ಆಮ್ಲದ ತೊಟ್ಟಿಯ ಕೊಳೆನೀರು ಎಲ್ಲಿಗೆ ಹೋಗುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದೆಯೇ ಎಂಬುದನ್ನೂ ಕೇಳಿ. ಹಳ್ಳಕ್ಕೆ ಬಿಡುವವರ ದರ ಕಡಿಮೆ ಇರುವುದರಲ್ಲಿ ಆಶ್ಚರ್ಯವಿಲ್ಲ.

ಕೊನೆಗೆ, ಸ್ಥಳದಲ್ಲಿ ಕೂರಿಸುವಾಗ ಕೊರೆಯುವ ತೂತು ಮತ್ತು ಕತ್ತರಿಸುವ ತುದಿಗಳ ವಿಷಯ ಉಳಿದಿದೆ. ಅದ್ದಿದ ವಸ್ತುವಿನಲ್ಲಿ ಒಂದೊಂದೂ 10 ಚದರ ಸೆಂಟಿಮೀಟರಿಗಿಂತ ಚಿಕ್ಕದಾದ, ಒಟ್ಟು ಮೈಯ ಶೇಕಡ 0.5 ಮೀರದ ಬರಿಜಾಗಗಳನ್ನು ಕಾರ್ಖಾನೆಯವರು ಸತು ತುಂಬಿದ ಬಣ್ಣದಿಂದ ಮುಚ್ಚಬಹುದು ಎಂದು ಮಾನಕವೇ ಒಪ್ಪುತ್ತದೆ. ಅಂಗಡಿಯಲ್ಲಿ ಬೆಳ್ಳಿಬಣ್ಣ ಎಂದು ಸಿಗುವುದು ಅಲ್ಯೂಮಿನಿಯಂ ಪುಡಿಯ ಬಣ್ಣ. ಅದು ಸತುವಿನಂತೆ ಕಂಡರೂ ಸತುವಿನ ಕೆಲಸ ಮಾಡುವುದಿಲ್ಲ. ಒಣಗಿದ ಪದರದಲ್ಲಿ ಶೇಕಡ 80ಕ್ಕೂ ಹೆಚ್ಚು ಸತು ಇರುವ ಡಬ್ಬಿಯನ್ನು ಕೇಳಿ ತರಬೇಕು. ನಮ್ಮ ಶೆಡ್ಡಿನಿಂದ ಹೊರಡುವ ಪ್ರತಿ ಟಾಕಿ ಸ್ಟ್ಯಾಂಡಿನ ಕಾಲಿಗೆ ಅಂಥದೊಂದು ಚಿಕ್ಕ ಡಬ್ಬಿಯನ್ನೂ ಒಂದು ಇಂಚಿನ ಬ್ರಷ್ಷನ್ನೂ ತಂತಿಯಿಂದ ಕಟ್ಟಿ ಕಳಿಸುತ್ತೇವೆ.